ಜೋಳದ ಡಬ್ಬಿಯಲ್ಲಿ ಎಂಟು ತೋಟಾ

ಅಪ್ಪನ ದಿವಸದ ಊಟ ಮುಗಿದಿತ್ತು. ಬಂದವರೆಲ್ಲ ಎಲೆ ಅಡಿಕೆ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದರು. ಮಾವ ನನ್ನನ್ನು ಪಕ್ಕಕ್ಕೆ ಕರೆದರು. ಅವ್ವನ ತಮ್ಮ ಅವರು, ಹೆಡ್ ಕಾನ್‌ಸ್ಟೆಬಲ್ ಆಗಿ ರಿಟೈರ್ ಆದವರು.

"ಬಂದೂಕು ಠಾಣೆಗೆ ಕೊಟ್ಟೀಯೋ ಇಲ್ಲೋ?"

ಇಲ್ಲ ಅಂದೆ.

"ಹಂಗಾರ ಈಗ ಮನ್ಯಾಗ ಇರೋದು ಲೈಸೆನ್ಸ್ ಇಲ್ಲದ ಬಂದೂಕು. ನಾಳೆ ಮುಂಜಾನೆ ಮೊದಲು ಆ ಕೆಲಸ ಮಾಡು."

ನನಗೆ ಅದು ಹೊಳೆದೇ ಇರಲಿಲ್ಲ. ಹೊಲ ಅಪ್ಪನಿಂದ ಮಕ್ಕಳಿಗೆ ಬರುತ್ತದೆ. ಪಹಣಿಯಲ್ಲಿ ಹೆಸರು ಬದಲಾಗುವ ತನಕ ಯಾರೂ ಬಿತ್ತನೆ ನಿಲ್ಲಿಸುವುದಿಲ್ಲ. ಬಂದೂಕು ಹಾಗಲ್ಲ. ಲೈಸೆನ್ಸ್ ಇರೋದು ಮನುಷ್ಯನಿಗೆ, ಮನೆಗಲ್ಲ. ಆ ಮನುಷ್ಯ ಹೋದರೆ ಅವನ ಲೈಸೆನ್ಸೂ ಹೋಯಿತು. 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ತಡ ಮಾಡದೆ ಹತ್ತಿರದ ಠಾಣೆಯಲ್ಲೋ ಲೈಸೆನ್ಸ್ ಇರುವ ವ್ಯಾಪಾರಿ ಹತ್ತಿರವೋ ಜಮಾ ಮಾಡಬೇಕು. ಇದನ್ನೆಲ್ಲ ನಾನು ಆಮೇಲೆ ಓದಿ ತಿಳಿದುಕೊಂಡೆ. ಆ ದಿನ ಗೊತ್ತಿದ್ದಿದ್ದು ಇಷ್ಟೇ: ಅಟ್ಟದ ಮೇಲೆ ಒಂದು ಬಂದೂಕಿದೆ, ಅದಕ್ಕೆ ಈಗ ವಾರಸುದಾರರಿಲ್ಲ.

ಗಂಗಾವತಿಗೂ ಕೊಪ್ಪಳಕ್ಕೂ ನಡುವೆ, ಬಂಡೆಗುಡ್ಡಗಳ ಬುಡದಲ್ಲಿ ನಮ್ಮೂರು. ಶೇಂಗಾ, ಮೆಕ್ಕೆಜೋಳ ಬೆಳೆಯುತ್ತೇವೆ. ಗುಡ್ಡದಲ್ಲಿ ಕರಡಿ ಇವೆ, ಆನೆಗೊಂದಿ ಕಡೆ ಚಿರತೆಯೂ ಇದೆ. ಆದರೆ ಹೊಲ ಹಾಳು ಮಾಡೋದು ಜಾಸ್ತಿ ಹಂದಿಗಳೇ. ಅದಕ್ಕೇ ಅಪ್ಪ 1996ರಲ್ಲಿ ಲೈಸೆನ್ಸ್ ಮಾಡಿಸಿ ಹನ್ನೆರಡು ಬೋರಿನ ಒಂಟಿ ನಳಿಗೆಯ ಬಂದೂಕು ತಂದಿದ್ದರು. ನಡು ಮುರಿದು ಹಿಂದಿನಿಂದ ತೋಟಾ ತುಂಬುವಂಥದ್ದು.

ಮರುದಿನ ಮಾವನೇ ಠಾಣೆಗೆ ಫೋನ್ ಮಾಡಿ ಹೇಳಿದರು. ಬಂದೂಕನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ಅಪ್ಪನ ಲೈಸೆನ್ಸ್ ಬುಕ್ಕು ಹಿಡಿದುಕೊಂಡು, ಪಕ್ಕದ ಮನೆಯವರ ಟಾಟಾ ಏಸ್‌ನಲ್ಲಿ ಹೋದೆವು. ಠಾಣೆಯ ರೈಟರ್ ಅದನ್ನು ಮುರಿದು ನಳಿಗೆಯೊಳಗೆ ಇಣುಕಿ ನೋಡಿದರು. ನಂಬರ್ ತಾಳೆ ಮಾಡಿದರು. ಆಮೇಲೆ ಬುಕ್ಕಿನ ಹಾಳೆ ತಿರುವುತ್ತಾ, "ತೋಟಾ ಎಲ್ಲಿ ಅದಾವ್ರೀ?" ಅಂದರು.

ಬುಕ್ಕಿನಲ್ಲಿ ಕೊನೆಯ ಖರೀದಿ 2009ರದ್ದು. ಹತ್ತು ತೋಟಾ. ಅದರೊಳಗೆ ಮಡಚಿಟ್ಟಿದ್ದ ಎರಡು ಜಮಾ ರಸೀದಿಗಳೂ ಇದ್ದವು. ಒಂದು 2023ರ ವಿಧಾನಸಭೆ ಚುನಾವಣೆಯದ್ದು, ಇನ್ನೊಂದು 2024ರ ಲೋಕಸಭೆಯದ್ದು. ಎರಡರಲ್ಲೂ ತೋಟಾ ಅನ್ನುವ ಜಾಗದಲ್ಲಿ "ಇಲ್ಲ" ಅಂತ ಬರೆದಿತ್ತು. ಕೆಳಗೆ ಅಪ್ಪನ ಸಹಿ.

"ಹಾರಿಸಿರಬೇಕು ಸರ್" ಅಂದೆ.

"ಮನ್ಯಾಗ ಹುಡುಕ್ರಿ ಮಾಸ್ತರ್. ಬಂದೂಕಷ್ಟ ಅಲ್ಲ, ಬರೀ ತೋಟಾ ಇಟ್ಕೊಂಡ್ರೂ ಲೈಸೆನ್ಸ್ ಬೇಕು."

ಚುನಾವಣೆ ರಸೀದಿ ಅಂದೆನಲ್ಲ, ಅದನ್ನು ಸ್ವಲ್ಪ ಹೇಳಬೇಕು. ಚುನಾವಣೆ ಘೋಷಣೆಯಾದರೆ ನಮ್ಮ ಕಡೆ ಬಂದೂಕು ಇದ್ದವರಿಗೆ ಠಾಣೆಯಿಂದ ಫೋನ್ ಬರುತ್ತದೆ, ತಂದು ಜಮಾ ಮಾಡಿ ಅಂತ. 2024ರಲ್ಲಿ ಮಾರ್ಚ್ 16ಕ್ಕೆ ನೀತಿ ಸಂಹಿತೆ ಶುರುವಾಯಿತು. ನಮ್ಮಲ್ಲಿ ಮತದಾನ ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ. ಬೇಸಿಗೆ ಶೇಂಗಾ ಕೀಳುವ ಹೊತ್ತಿಗೆಲ್ಲ ಬಂದೂಕು ಠಾಣೆಯಲ್ಲೇ. "ಹಂದಿಗೂ ಒಂದು ನೀತಿ ಸಂಹಿತೆ ಹಚ್ಚಿದ್ರ ಚಲೋ ಇತ್ತು" ಅಂತ ಅಪ್ಪ ನಗುತ್ತಿದ್ದರು. ಈ ಬಂದೂಕು ಹೊಲಕ್ಕಿಂತ ಜಾಸ್ತಿ ಸಲ ಠಾಣೆಗೇ ಹೋಗಿ ಬಂದಿದೆ ಅಂತ ನಾವೂ ನಗುತ್ತಿದ್ದೆವು. ಅದು ಎಷ್ಟು ನಿಜ ಅಂತ ಆಗ ಗೊತ್ತಿರಲಿಲ್ಲ.

ಮನೆಗೆ ಬಂದು ನಾನೂ ತಮ್ಮನೂ ಹುಡುಕಿದೆವು. ಅಟ್ಟ, ಟ್ರಂಕು, ಅಪ್ಪನ ಗೂಡು, ದನದ ಕೊಟ್ಟಿಗೆಯ ಮಾಡು. ಅವ್ವ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದಳು. "ಏನ್ ಹುಡುಕಾಕತ್ತೀರಿ?" ಅಂದಳು. ತೋಟಾ ಅಂದೆ.

ಅವ್ವ ಕೈಯ ಹಿಟ್ಟು ಒರೆಸಿಕೊಂಡು ಎದ್ದಳು. ಜೋಳದ ಡಬ್ಬಿಯ ಮುಚ್ಚಳ ತೆಗೆದಳು. ಮೊಣಕೈ ತನಕ ಕೈ ಇಳಿಬಿಟ್ಟು ಒಂದು ಅರಿವೆ ಗಂಟು ಎಳೆದಳು. ಬಿಚ್ಚಿ ನೆಲದ ಮೇಲೆ ಇಟ್ಟಳು. ಎಂಟು ತೋಟಾ. ಕೆಂಪು ಪ್ಲಾಸ್ಟಿಕ್ಕು, ಹಿತ್ತಾಳೆಯ ಬುಡಕ್ಕೆ ಹಸಿರು ಕಿಲುಬು ಹಿಡಿದಿತ್ತು.

"ದಾಳಿಂಬಿ ಹೋದ ವರ್ಷ ಇಟ್ಟಿದ್ದೆ" ಅಂದಳು.

ಆ ವರ್ಷ ನಮಗೆ ನಾಲ್ಕು ಎಕರೆ ದಾಳಿಂಬೆ ಇತ್ತು. ದುಂಡಾಣು ಅಂಗಮಾರಿ ಬಿತ್ತು. ಕಾಯಿ ಮೇಲೆ ಕಪ್ಪು ಚುಕ್ಕೆ ಬಂದು ಸೀಳಿಬಿಟ್ಟವು. ಗಿಡಗಳನ್ನು ಕಡಿದು ಸುಟ್ಟರು. ಬ್ಯಾಂಕಿನ ಸಾಲ ಒಂದು ಕಡೆ, ಕೈಗಡ ಇನ್ನೊಂದು ಕಡೆ. ನಾನು ಧಾರವಾಡದಲ್ಲಿ ಬಿ.ಎಡ್ ಓದುತ್ತಿದ್ದೆ. ಮನೆಯಿಂದ ಫೋನ್ ಬಂದಾಗಲೆಲ್ಲ "ಎಲ್ಲ ಚಲೋ ಐತಿ" ಅನ್ನುತ್ತಿದ್ದರು.

"ರಾತ್ರಿ ಎದ್ದು ಸುಮ್ನ ಕೂತಿರ್ತಿದ್ರು" ಅಂದಳು ಅವ್ವ. "ಒಂದಿನ ಅಟ್ಟದ ಮ್ಯಾಲಿಂದ ಬಂದೂಕು ಇಳಿಸಿ ಒರೆಸಾಕತ್ತಿದ್ರು. ಹೊಲದಾಗ ಒಂದು ಕಡ್ಡಿನೂ ಇರಲಿಲ್ಲ ಆಗ. ಹಂದಿ ಯಾಕ ಬರ್ತಾವು? ಮರುದಿನ ಅವರು ಸಂತಿಗೆ ಹೋದಾಗ ತೆಗೆದಿಟ್ಟೆ."

"ಅಪ್ಪ ಕೇಳಲಿಲ್ಲೇನಬೇ?"

"ಒಮ್ಮೆನೂ ಕೇಳಲಿಲ್ಲ. ಡಬ್ಬಿ ಖಾಲಿ ಆದಾಗೊಮ್ಮೆ ಗಂಟು ತೆಗೆದು, ಹೊಸ ಜೋಳ ಹಾಕಿ, ಮತ್ತ ಇಡ್ತಿದ್ದೆ. ಎಷ್ಟೋ ಸಲ ಚೀಲ ಎತ್ತಿ ಜೋಳ ಸುರುವಿದವರು ಅವರ."

ತಮ್ಮ ಹೊರಗೆ ಹೋಗಿ ನಿಂತ. ನನಗೆ ಆ ರಸೀದಿ ನೆನಪಾಯಿತು. ತೋಟಾ: ಇಲ್ಲ. ಆ ವರ್ಷದ ನಂತರ ಅಪ್ಪ ಹಂದಿ ಕಾಯಲು ಪಟಾಕಿ ಒಯ್ಯುತ್ತಿದ್ದರು. ವಯಸ್ಸಾಯಿತು, ಬಂದೂಕು ಭಾರ ಅಂತ ಹೇಳುತ್ತಿದ್ದರು. ನಾವು ನಂಬಿದ್ದೆವು.

ಅದೇ ಸಂಜೆ ಎಂಟೂ ತೋಟಾ ಠಾಣೆಗೆ ಮುಟ್ಟಿಸಿ ಬಂದೆ. ಎಲ್ಲಿ ಸಿಕ್ಕವು ಅಂತ ಕೇಳಿದರು. ಅಡುಗೆ ಮನೆಯಲ್ಲಿ ಅಂದೆ.

ಇಷ್ಟಾದ ಮೇಲೂ ಲೈಸೆನ್ಸ್ ಯಾಕೆ ಬೇಕಿತ್ತು ಅಂತ ನೀವು ಕೇಳಬಹುದು. ನನ್ನ ಹೆಂಡತಿಯೂ ಕೇಳಿದಳು. ಬೇಕು ಅಂದಿದ್ದು ತಮ್ಮ. ಹೊಲದಲ್ಲಿ ರಾತ್ರಿ ಮಲಗುವವನು ಅವನು. ಎರಡು ವರ್ಷದ ಹಿಂದೆ ಕರಡಿ ಎದುರಾಗಿ ಅವನು ಬೇವಿನ ಮರ ಹತ್ತಿ ಬೆಳಗು ಮಾಡಿದ್ದಾನೆ. ಕರಡಿಯೂ ಮರ ಹತ್ತುತ್ತದೆ ಅಂತ ಅವನಿಗೆ ಆಮೇಲೆ ಯಾರೋ ಹೇಳಿದರು. ಆದರೆ ಅವನ ಹೆಸರಿಗೆ ಮಾಡಿಸುವುದು ಕಷ್ಟವಿತ್ತು. ಬದುವಿನ ಜಗಳದ ಒಂದು ಕೇಸು ಇನ್ನೂ ಕೋರ್ಟಿನಲ್ಲಿದೆ. ಪೊಲೀಸ್ ವರದಿಯಲ್ಲಿ ಅದು ಬಂದೇ ಬರುತ್ತದೆ. ಹಾಗಾಗಿ ಅದೇ ಮನೆಯಲ್ಲಿರುವ, ಹೈಸ್ಕೂಲಿಗೆ ಬೈಕಿನಲ್ಲಿ ಹೋಗಿ ಬರುವ ನಾನು ಅರ್ಜಿ ಹಾಕುವುದು ಅಂತಾಯಿತು. ಅವ್ವ ಬೇಡ ಅನ್ನಲಿಲ್ಲ. "ನೀ ಮಾಡ್ಸು" ಅಂದಳು. "ನೀ" ಅನ್ನೋದನ್ನು ಸ್ವಲ್ಪ ಒತ್ತಿ.

ಕಾಗದದ ಕಥೆ ಉದ್ದ ಮಾಡುವುದಿಲ್ಲ. ಆನ್‌ಲೈನ್‌ನಲ್ಲಿ ಎ-1 ನಮೂನೆ ತುಂಬಬೇಕು. ಅಪ್ಪನ ಮರಣ ಪ್ರಮಾಣ ಪತ್ರ, ವಂಶವೃಕ್ಷ, ಪಹಣಿ, ಫೋಟೋ, ಮತ್ತೆ ಉಳಿದ ವಾರಸುದಾರರ ಒಪ್ಪಿಗೆ ಪತ್ರ. ಅಕ್ಕನನ್ನು ಸಿಂಧನೂರಿಗೆ ಕೊಟ್ಟಿದೆ. ಬಾಂಡ್ ಪೇಪರ್ ಹಿಡಿದು ಅಲ್ಲಿಗೆ ಹೋದೆ. "ಆಸ್ತಿ ಪಾಲಿಗೂ ನನ್ನ ಸಹಿ ಇಷ್ಟು ಅರ್ಜೆಂಟ್ ಇರಲಿಲ್ಲಲ್ಲೋ" ಅಂತ ಅಕ್ಕ ಒಂದು ಏಟು ಕೊಟ್ಟಳು. ಲೈಸೆನ್ಸ್ ಯಾತಕ್ಕೆ ಅನ್ನುವ ಕಾಲಂನಲ್ಲಿ ನಾನು "ತಂದೆಯ ನೆನಪಿಗಾಗಿ" ಅಂತ ಬರೆದಿದ್ದೆ. ಕೌಂಟರಿನವರು ಓದಿ ತಲೆ ಎತ್ತಿದರು. "ಮಾಸ್ತರ್, ನೆನಪಿಗೆ ಫೋಟೋ ಐತಲ್ಲ. ಬಂದೂಕು ಯಾತಕ್ಕ ಬಳಸ್ತೀರಿ ಅಂತ ಬರೀರಿ." ಬೆಳೆ ರಕ್ಷಣೆ ಅಂತ ತಿದ್ದಿದೆ.

ಒಂದು ವಿಷಯ ಅಲ್ಲಿ ಗೊತ್ತಾಯಿತು, ಬೇರೆಯವರಿಗೆ ಉಪಯೋಗ ಆಗಬಹುದು. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ 25ನೇ ನಿಯಮ ಅಂತ ಇದೆ. ಲೈಸೆನ್ಸ್ ಇದ್ದವರಿಗೆ 70 ವರ್ಷ ತುಂಬಿದರೆ, ಇಲ್ಲವೇ ಬಂದೂಕು ಅವರ ಹತ್ತಿರ 25 ವರ್ಷ ಇದ್ದರೆ, ಬದುಕಿದ್ದಾಗಲೇ ವಾರಸುದಾರರಲ್ಲಿ ಒಬ್ಬರ ಹೆಸರು ಸೂಚಿಸಬಹುದು. ಅಪ್ಪನಿಗೆ 74 ಆಗಿತ್ತು, ಬಂದೂಕಿಗೆ 28. ಎರಡೂ ದಾಟಿತ್ತು. ಅಪ್ಪ ಯಾಕೆ ಮಾಡಲಿಲ್ಲವೋ. ಬೇಡ ಅಂತಲೇ ಬಿಟ್ಟಿರಬಹುದು ಅಂತ ಈಗ ಅನಿಸುತ್ತದೆ.

ಆಮೇಲೆ ಎಸ್-3 ನಮೂನೆ. ದೇಹ, ಮನಸ್ಸು ಎರಡೂ ಸರಿ ಇವೆ ಅಂತ ಡಾಕ್ಟರ್ ಬರೆದುಕೊಡಬೇಕು. ಕಣ್ಣು, ಬಿಪಿ ಎಲ್ಲ ಬೇಗ ಮುಗಿಯಿತು. ಮನಸ್ಸಿನ ಡಾಕ್ಟರ್ ಸಣ್ಣ ವಯಸ್ಸಿನ ಹೆಣ್ಣುಮಗಳು. ನಿದ್ದೆ ಬರುತ್ತಾ, ಕುಡಿತ ಇದೆಯಾ, ಸಿಟ್ಟು ಹೇಗೆ ಅಂತ ಕೇಳಿದರು. ಕೊನೆಗೆ, ಮನೆಯಲ್ಲಿ ಯಾರಿಗಾದರೂ ತೊಂದರೆ ಇತ್ತಾ ಅಂದರು. ಇಲ್ಲ ಅಂತ ಬಾಯಿಗೆ ಬಂದಿತ್ತು. ಆದರೆ ಜೋಳದ ಡಬ್ಬಿಯ ಕಥೆ ಹೇಳಿಬಿಟ್ಟೆ. ಅವರು ಪೆನ್ನು ಕೆಳಗಿಟ್ಟು ಕೇಳಿದರು. "ನಿಮ್ಮ ತಾಯಿ ಓದಿದ್ದಾರಾ?" ಅಂದರು. ಇಲ್ಲ ಮೇಡಂ ಅಂದೆ. "ನಾವು ಎಲ್ಲರಿಗೂ ಹೇಳೋದು ಅದನ್ನೇ. ಕಷ್ಟದ ದಿನಗಳಲ್ಲಿ ಅಂಥ ವಸ್ತು ಕೈಗೆ ಸಿಗಬಾರದು. ಆ ಗಳಿಗೆ ದಾಟಿದರೆ ಮನುಷ್ಯ ಉಳೀತಾನೆ" ಅಂದರು. ಅಪ್ಪ ಆಮೇಲೆ ಹದಿನೈದು ವರ್ಷ ಇದ್ದರು. ಮೂರು ಮೊಮ್ಮಕ್ಕಳನ್ನು ಎತ್ತಿ ಆಡಿಸಿದರು. ಹೃದಯ ನಿಂತು ಮಲಗಿದಲ್ಲೇ ಹೋದರು.

ತರಬೇತಿಯೇ ನನಗೆ ಇಡೀ ಕೆಲಸದಲ್ಲಿ ಜಾಸ್ತಿ ಹಿಡಿಸಿದ್ದು. ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿ ಅಂತ ಇರುತ್ತದೆ. ಬೆಳಿಗ್ಗೆ ಆರಕ್ಕೆ ಮೈದಾನದಲ್ಲಿ ಇರಬೇಕು. ಸೆಕ್ಯುರಿಟಿ ಕೆಲಸ ಹುಡುಕುವ ಮಾಜಿ ಸೈನಿಕರು, ಒಬ್ಬ ರೈಸ್ ಮಿಲ್ ಮಾಲೀಕ, ಎನ್‌ಸಿಸಿ ಮಾಡಿದ ಇಬ್ಬರು ಹುಡುಗಿಯರು, ನಾನು, ಒಬ್ಬ ನಿವೃತ್ತ ಕನ್ನಡ ಮೇಷ್ಟ್ರು. ಕಲಿಸುವವರು ಮೊದಲ ದಿನ ಗುಂಡು ಮುಟ್ಟಿಸಲೇ ಇಲ್ಲ. ಬರೀ ಮುರಿಯೋದು, ನೋಡೋದು, ಬೆರಳು ಒಳಗೆ ಹಾಕಿ ಮುಟ್ಟಿ ನೋಡೋದು.

"ಖಾಲಿ ಐತಿ ಅಂತ ಯಾರ ಹೇಳಿದ್ರೂ ನಂಬಬ್ಯಾಡ್ರಿ. ನಿಮ್ಮಪ್ಪ ಹೇಳಿದ್ರೂ ನಂಬಬ್ಯಾಡ್ರಿ. ತುಂಬೈತಿ ಅಂತನ ತಿಳೀರಿ." ಹತ್ತು ಸಲ ಹೇಳಿದರು. ನಳಿಗೆ ಯಾವತ್ತೂ ಮನುಷ್ಯರ ಕಡೆ ತಿರುಗಬಾರದು. ಗುರಿ ಹಿಡಿಯುವ ತನಕ ಬೆರಳು ಕುದುರೆಯ (ಟ್ರಿಗರ್) ಮೇಲೆ ಹೋಗಬಾರದು. ಮನೆಯಲ್ಲಿ ಬಂದೂಕಿಗೆ ಬೀಗ, ತೋಟಾಕ್ಕೆ ಬೇರೆ ಬೀಗ. ಮಕ್ಕಳಿಗೆ ಕೀಲಿ ಇರುವ ಜಾಗ ಗೊತ್ತಾಗಬಾರದು. ಕಾಡುಹಂದಿಯೇ ಆದರೂ ಅರಣ್ಯ ಇಲಾಖೆ ಅನುಮತಿ ಇಲ್ಲದೆ ಹೊಡೆದರೆ ಕೇಸು. ಕರಡಿಯಂತೂ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲೇ ಇದೆ. ಮದುವೆ ಮೆರವಣಿಗೆಯಲ್ಲಿ ಖುಷಿಗೆ ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ, 2019ರ ತಿದ್ದುಪಡಿ ಆದ ಮೇಲೆ, ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಅದೇ ತಿದ್ದುಪಡಿಯಲ್ಲಿ ಒಬ್ಬರಿಗೆ ಮೂರು ಇದ್ದ ಬಂದೂಕಿನ ಮಿತಿ ಎರಡಕ್ಕೆ ಇಳಿಯಿತು. ರೈಸ್ ಮಿಲ್ಲಿನವರ ಮುಖ ಸ್ವಲ್ಪ ಸಪ್ಪಗಾಯಿತು.

ಕೊನೆಯ ದಿನ ಪಾಯಿಂಟ್ ಟೂ ಟೂ ರೈಫಲ್ಲಿನಿಂದ ನೆಲಕ್ಕೆ ಮಲಗಿ ಹೊಡೆದೆವು. ನನ್ನ ಗುಂಡುಗಳಲ್ಲಿ ಒಂದೆರಡು ಕಾಗದಕ್ಕೆ ತಾಗಿದವು. ಎನ್‌ಸಿಸಿ ಹುಡುಗಿಯರು ನಡುವಿನ ಕಪ್ಪಿಗೇ ಹೊಡೆದರು.

ಚಹಾದ ಹೊತ್ತಿಗೆ ವಾದ ಶುರುವಾಗುತ್ತಿತ್ತು. ಮಿಲ್ಲಿನವರದ್ದು ಒಂದೇ ಮಾತು: "ಅಮೆರಿಕಾದಂಗ ಎಲ್ಲಾರಿಗೂ ಕೊಟ್ಟುಬಿಡಬೇಕ್ರಿ. ಕಳ್ಳನ ಹತ್ರ ಲೈಸೆನ್ಸ್ ಇರ್ತೈತೇನು?" ಮಾಜಿ ಸೈನಿಕರೊಬ್ಬರು ಒಪ್ಪಲಿಲ್ಲ. ಬಂದೂಕನ್ನು ದಿನಾ ನೋಡಿದವರಿಗೆ ಅದರ ಮೇಲೆ ಮೋಹ ಕಡಿಮೆ, ನಾನು ಗಮನಿಸಿದ್ದು. "ಟೆಕ್ಸಾಸಿನ ಉವಾಲ್ಡಿ ಶಾಲೆಯಾಗ 2022ರಾಗ ಹತ್ತೊಂಬತ್ತು ಮಕ್ಕಳು ಹೋದ್ವು. ಹೊಡೆದ ಹುಡುಗಗ ಹದಿನೆಂಟು ವರ್ಷ, ಬಂದೂಕು ಅಂಗಡ್ಯಾಗ ಕೊಂಡಿದ್ದು. ನಮ್ಮಲ್ಲಿ ಇಪ್ಪತ್ತೊಂದು ಆಗೋತನ ಅರ್ಜಿನ ತಗೊಳ್ಳಂಗಿಲ್ಲ" ಅಂದರು.

ಕನ್ನಡ ಮೇಷ್ಟ್ರು ಬೇರೆ ದಾರಿ ಹಿಡಿದರು. "ಸರಕಾರ ಆಯುಧ ಕಸಿದುಕೊಳ್ಳೋದು ಯಾವಾಗಲೂ ನಮ್ಮ ಒಳ್ಳೇದಕ್ಕೇ ಅಂತ ತಿಳೀಬೇಡಿ" ಅಂದರು. 1857ರಲ್ಲಿ ಬ್ರಿಟಿಷರು ಎಲ್ಲರ ಆಯುಧ ಒಪ್ಪಿಸಿ ಅಂತ ಕಾಯ್ದೆ ತಂದರು. ಹಲಗಲಿಯ ಬೇಡರು ಕೊಡಲ್ಲ ಅಂದರು, ಬ್ರಿಟಿಷರು ಊರನ್ನೇ ಸುಟ್ಟರು. ಮರುವರ್ಷ ಮುಂಡರಗಿ ಭೀಮರಾಯ ಬಂದು ಹಿಡಿದಿದ್ದು ಇದೇ ಕೊಪ್ಪಳದ ಕೋಟೆ. ಅಲ್ಲೇ ಹೋರಾಡಿ ಸತ್ತ. "ಕೊಡವರಿಗೂ, ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನು ಇರುವವರಿಗೂ ಇವತ್ತಿಗೂ ಲೈಸೆನ್ಸ್ ಬೇಡ. ಅವರ ಕೋವಿ ಅವರ ಮನೇಲೇ ಇದೆ. ಅವರೇನು ದಿನಾ ಹೊಡೆದಾಡ್ತಾರಾ?" ಅಂತ ಕೇಳಿದರು. ಇದಕ್ಕೆ ಸೈನಿಕರ ಹತ್ತಿರ ತಕ್ಷಣ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ.

ನಾನು ಆ ರಾತ್ರಿ ಮೊಬೈಲಿನಲ್ಲಿ ಓದುತ್ತಾ ಕೂತೆ. ಅಮೆರಿಕದ ಸಂವಿಧಾನಕ್ಕೆ ಎರಡನೇ ತಿದ್ದುಪಡಿ ಬಂದಿದ್ದು 1791ರಲ್ಲಿ. ಮನೆಯಲ್ಲಿ ಬಂದೂಕು ಇಟ್ಟುಕೊಳ್ಳೋದು ಒಬ್ಬೊಬ್ಬರ ಹಕ್ಕು ಅಂತ ಅಲ್ಲಿನ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿತು. ಆ ತೀರ್ಪಿನಲ್ಲಿ ಇನ್ನೊಂದು ತುಣುಕಿದೆ. ವಾಷಿಂಗ್ಟನ್ ನಗರದಲ್ಲಿ ಒಂದು ಕಾನೂನಿತ್ತು: ಮನೆಯಲ್ಲಿ ಬಂದೂಕು ಬಿಚ್ಚಿಡಬೇಕು, ಇಲ್ಲವೇ ಕುದುರೆಗೆ ಬೀಗ ಹಾಕಿರಬೇಕು, ಗುಂಡು ತುಂಬಿರಬಾರದು. ಕೋರ್ಟ್ ಅದನ್ನೂ ರದ್ದು ಮಾಡಿತು. ಕಳ್ಳ ಬಂದಾಗ ಬೀಗ ತೆಗೆಯುತ್ತಾ ಕೂತರೆ ಬಂದೂಕು ಯಾತಕ್ಕೆ ಅನ್ನೋದು ವಾದ. ವಾದದಲ್ಲಿ ಹುರುಳಿಲ್ಲ ಅನ್ನಲಾರೆ. ಆದರೆ ಅದೇ ದೇಶದಲ್ಲಿ ಬಂದೂಕಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ತಮ್ಮ ಜೀವ ತಾವೇ ತೆಗೆದುಕೊಂಡವರು. ಕಳ್ಳ ಬರುವ ರಾತ್ರಿಗೆ ಒಂದು ಕಾನೂನು, ದಾಳಿಂಬೆ ಹೋದ ರಾತ್ರಿಗೆ ಇನ್ನೊಂದು ಬೇಕಾಗುತ್ತದೆ. ನಮ್ಮ ಮನೆಗೆ ಕಳ್ಳ ಇದುವರೆಗೆ ಬಂದಿಲ್ಲ.

ಅರ್ಜಿ ಹಾಕಿ ಎಂಟು ತಿಂಗಳಿಗೆ ಲೈಸೆನ್ಸ್ ಬಂತು. ಅರ್ಧ ತಡ ನನ್ನಿಂದಲೇ. ಪರೀಕ್ಷೆ ಡ್ಯೂಟಿ, ಅಕ್ಕನ ಸಹಿ, ನನ್ನ ತಪ್ಪು ಸ್ಪೆಲ್ಲಿಂಗು. ಐದು ವರ್ಷದ ಅವಧಿ. ಅಪ್ಪನ ಕಾಲದಲ್ಲಿ ಮೂರಿತ್ತು. ಅದಕ್ಕೂ ಮುಂಚೆ ಪೊಲೀಸ್ ವಿಚಾರಣೆಗೆ ಎಸ್‌ಐ ಮನೆಗೆ ಬಂದಿದ್ದರು. ಅಕ್ಕಪಕ್ಕ ಕೇಳಿದರು. "ಎಲ್ಲಿ ಇಡ್ತೀರಿ, ತೋರಿಸ್ರಿ" ಅಂದರು. ಗೋಡೆಗೆ ಬೋಲ್ಟ್ ಹಾಕಿದ ಕಬ್ಬಿಣದ ಅಲ್ಮೇರಾ ತೋರಿಸಿದೆ. ಅವ್ವ ಬಾಗಿಲಲ್ಲಿ ನಿಂತು, "ಕೀಲಿ ಎರಡು ಅದಾವ್ರೀ ಸಾಹೇಬ್ರ. ಒಂದರ ಜಾಗ ಇವಗೂ ಗೊತ್ತಿಲ್ಲ" ಅಂದಳು. ಅವರು ನಕ್ಕರು. ಅವ್ವ ನಗಲಿಲ್ಲ.

ಬಂದೂಕು ಬಿಡಿಸಿಕೊಳ್ಳಲು ಠಾಣೆಗೆ ಹೋದಾಗ ರೈಟರ್ ಆ ಎಂಟು ತೋಟಾ ತೆಗೆದು ಟೇಬಲ್ಲಿನ ಮೇಲಿಟ್ಟರು. "ಹಳೇವು, ಕಿಲುಬು ಹತ್ಯಾವ. ಇವನ್ನ ಹಾಕಿ ಕೈ ಸುಟ್ಕೋಬ್ಯಾಡ್ರಿ." ನನಗೆ ಬೇಡ ಅಂತ ಬರೆದುಕೊಟ್ಟು ಅಲ್ಲೇ ಬಿಟ್ಟೆ. ಹೊಸವು ತರಬೇಕು ಅಂತ ತಮ್ಮ ವಾರಕ್ಕೊಮ್ಮೆ ನೆನಪಿಸುತ್ತಿದ್ದ. ಶನಿವಾರ ಹೋಗೋಣ ಅನ್ನುತ್ತಿದ್ದೆ. ಶನಿವಾರ ಏನಾದರೂ ಕೆಲಸ ಬರುತ್ತಿತ್ತು.

ಮೆಕ್ಕೆಜೋಳ ಹಾಲು ತುಂಬುವ ಹೊತ್ತು. ಒಂದು ರಾತ್ರಿ ಎರಡಕ್ಕೆ ತಮ್ಮ ಹೊಲದಿಂದ ಫೋನ್ ಮಾಡಿದ. "ಅಣ್ಣಾ, ಹಿಂಡ ಬಂದೈತಿ. ಬಂದೂಕು ತಗೊಂಡು ಬಾ." ನಿದ್ದೆಗಣ್ಣಲ್ಲಿ ಎದ್ದು ಅಲ್ಮೇರಾ ಮುಂದೆ ನಿಂತೆ. ಕೀಲಿ ಕೈಯಲ್ಲಿತ್ತು. ಅವ್ವ ಹಾಸಿಗೆಯಲ್ಲಿ ಎದ್ದು ಕೂತಿದ್ದಳು.

"ತೋಟಾ ತಂದೀಯೇನು?"

"ಇಲ್ಲಬೇ."

"ಹಂಗಾರ ಆ ಎಣ್ಣಿ ಡಬ್ಬಿ ತಗೊಂಡು ಹೋಗು. ಕಟ್ಟಿಗಿ ಮೂಲ್ಯಾಗ ಐತಿ."

ಬೈಕಿನ ಮುಂದೆ ಖಾಲಿ ಎಣ್ಣೆ ಡಬ್ಬಿ ಇಟ್ಟುಕೊಂಡು ಹೋದೆ. ಇಬ್ಬರೂ ಬ್ಯಾಟರಿ ಬಿಟ್ಟು, ಡಬ್ಬಿ ಬಡಿಯುತ್ತಾ, ಬಾಯಿಗೆ ಬಂದಿದ್ದು ಕೂಗುತ್ತಾ ಬದುವಿನ ಮೇಲೆ ಓಡಿದೆವು. ಹಂದಿಗಳು ಗುಡ್ಡದ ಕಡೆ ಹೋದವು. ಬೆಳಗಾದ ಮೇಲೆ ಎಣಿಸಿದೆವು. ಆರು ಸಾಲು ಹೋಗಿತ್ತು. ತಮ್ಮ ನನ್ನ ಮೇಲಿನ ಸಿಟ್ಟಿಗೆ ಮಾತಾಡದೆ, ಉಳಿದ ಸಾಲುಗಳ ಸುತ್ತ ಹಳೇ ಸೀರೆ ಕಟ್ಟತೊಡಗಿದ. ನಾನು ಇನ್ನೊಂದು ತುದಿ ಹಿಡಿದುಕೊಂಡೆ.